ಮುಚ್ಚಳದೊಳಗಿನ ಪೆನ್ಸಿಲ್ ಗೆರೆ

ಮೊನ್ನೆ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಬೆಲ್ಲದ ಪಾಕ ತಳ ಹಿಡಿದಂತೆ, ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟದ್ದು. ನೀವಾಗಿದ್ದರೆ ಒಳಗೆ ಹೋಳಿಗೆ ನಡೆದಿದೆ ಎಂದು ಆಸೆಪಡುತ್ತಿದ್ದಿರಿ. ನಾನು ಪಡಲಿಲ್ಲ. ಬಿಸಿ ಎಂಜಿನ್ನಿನ ಮೇಲೆ ರೇಡಿಯೇಟರಿನ ಕೂಲೆಂಟ್ ನೀರು ಬಿದ್ದರೆ ಬರುವ ವಾಸನೆ ಅದು. ನಲವತ್ತು ವರ್ಷ ರಾಯಚೂರಿನಲ್ಲಿ ಗಾಡಿ ರಿಪೇರಿ ಮಾಡಿದ ಮೂಗು ಇದು. ಕಿವಿ ಒಂದು ಕಡೆ ಮಂದವಾಗಿದೆ, ಮೂಗು ಮಾತ್ರ ಇನ್ನೂ ರಿಟೈರ್ ಆಗಿಲ್ಲ.

ತಲೆಯೆತ್ತಿದರೆ ಶರಣಪ್ಪ ಮಾಸ್ತರರ ಜೀಪು. ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ನನ್ನ ಹಳೇ ಗಿರಾಕಿ, ಹಳೇ ಗೆಳೆಯ.

"ನೀರ ಕುಡ್ಯಾಕತ್ತದ ಮಿಸ್ತ್ರಿ," ಅಂದರು ಇಳಿಯುತ್ತಾ. "ಕಣ್ಣಿನ ಡಾಕ್ಟರ ಕಡೆ ಬಂದಿದ್ದೆ. ಹಂಗ ಮಾನ್ವಿಗೆ ಹೋಗಿ ಯಂಕೋಬಗ ತೋರಿಸ್ಬೇಕಂತೀನಿ."

ಯಂಕೋಬ. ಆ ಹೆಸರು ಕೇಳಿದರೆ ಸಾಕು, ನನ್ನ ಚಹಾದ ಸಕ್ಕರೆ ಕಡಿಮೆಯಾಗುತ್ತಿತ್ತು.

ಯಾಕೆಂದು ತಿಳಿಯಬೇಕಾದರೆ ಮೊದಲು ನಾನು ಎಂಥವನೆಂದು ತಿಳಿಯಬೇಕು. ನಾನೇ ಹೇಳುತ್ತೇನೆ, ಬೇರೆಯವರು ಹೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಗಾಡಿ ನಮ್ಮ ಓಣಿ ತಿರುಗುವ ಮೊದಲೇ, ಯಾವ ಸಿಲಿಂಡರ್ ಕೆಮ್ಮುತ್ತಿದೆ ಎಂದು ಶೆಡ್ಡಿನೊಳಗೆ ಕೂತೇ ಹೇಳುತ್ತಿದ್ದ ಕಿವಿ ನನ್ನದು. ಅದು ಸಾಲದೆಂದು ಆಟವನ್ನೂ ಆಡುತ್ತಿದ್ದೆ. ಗಿರಾಕಿ ಚಹಾಕ್ಕೆ ಹೋದಾಗ ಎರಡು ಪ್ಲಗ್ಗಿನ ವೈರು ಅದಲುಬದಲು ಮಾಡುವುದು. ಬಂದು ಚಾಲು ಮಾಡಿದರೆ ಗಾಡಿ ಮೇಕೆಯ ಹಾಗೆ ಕುಣಿಯುತ್ತದೆ. ಆಗ ನಾನು ಗಂಭೀರವಾಗಿ ಬಂದು, ಎಂಜಿನ್ ಮೇಲೆ ಒಂದು ಅಂಗೈ ಇಟ್ಟು, ಕಣ್ಣು ಮುಚ್ಚಿ ಏನೋ ಗುನುಗಿ, ಇನ್ನೊಂದು ಕೈಯಿಂದ ವೈರು ಸರಿ ಮಾಡುವುದು. ಶಕ್ತಿನಗರದ ಎಂಜಿನಿಯರ್ ಸಾಹೇಬರೊಬ್ಬರು ಮಂತ್ರ ಬರೆದುಕೊಳ್ಳಲು ಡೈರಿಯನ್ನೇ ತೆಗೆದಿದ್ದರು. ನಾನು ಹೇಳಿಕೊಟ್ಟೆ ಕೂಡ.

ಹದಿನೆಂಟು ವರ್ಷದ ಹಿಂದೆ ಇದೇ ಜೀಪಿಗೆ ಒಂದು ವಿಚಿತ್ರ ರೋಗ ಹತ್ತಿತು. ರೇಡಿಯೇಟರಿನ ನೀರು ವಾರದೊಳಗೆ ಮಾಯ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಜೊತೆಗೆ ಬೆಳಿಗ್ಗೆ ಚಾಲು ಮಾಡಿದ ಕೂಡಲೇ ಐದು ನಿಮಿಷ ಮಿಸ್ಸಿಂಗ್. ಅಂದರೆ ನಾಲ್ಕು ಸಿಲಿಂಡರಿನಲ್ಲಿ ಮೂರೇ ದುಡಿಯುತ್ತವೆ, ಗಾಡಿ ಕುಂಟುತ್ತದೆ. ಆಮೇಲೆ ತಾನೇ ಸರಿಹೋಗುತ್ತದೆ.

ಮಾಸ್ತರು ಮೂರು ಸಲ ತಂದರು. ದೇವದುರ್ಗದಿಂದ ನನ್ನ ಬಾಗಿಲಿಗೆ ಬರುವಷ್ಟರಲ್ಲಿ ಎಂಜಿನ್ ಕಾದು ರೇಷ್ಮೆಯ ಹಾಗೆ ಓಡುತ್ತಿತ್ತು. ನನ್ನ ಕಿವಿಗೆ ಏನು ಕೇಳಬೇಕು? "ಮಿಸ್ಸಿಂಗ್ ಗಾಡ್ಯಾಗಿಲ್ಲ ಮಾಸ್ತರ, ನಿಮ್ಮ ಕಿವ್ಯಾಗ ಅದ," ಎಂದು ನಗಾಡಿದೆ. ನೀರು ಹರಿಯುವ ರಬ್ಬರ್ ಹೋಸು ಬದಲಿಸಿದೆ, ರೇಡಿಯೇಟರಿನ ಮುಚ್ಚಳ ಬದಲಿಸಿದೆ. ಸಣ್ಣ ಸೋರಿಕೆಗೆ ನಮ್ಮ ಕಡೆ ಎಲ್ಲರೂ ಮಾಡುವಂತೆ ಒಂದು ಹಿಡಿ ಅರಿಶಿಣ ಪುಡಿಯನ್ನು ರೇಡಿಯೇಟರಿಗೆ ಸುರಿದೆ, ತೂತಿದ್ದರೆ ಮುಚ್ಚಿಕೊಳ್ಳಲಿ ಎಂದು. ನೀರು ಮಾಯವಾಗುವುದು ನಿಲ್ಲಲಿಲ್ಲ.

ನಾಲ್ಕನೇ ಸಲ ಮಾಸ್ತರು ಮೆಲ್ಲಗೆ ಅಂದರು: "ಮಾನ್ವ್ಯಾಗ ಯಂಕೋಬ ಅಂತ ಒಬ್ಬಾಂವ ಅದಾನಂತ. ಮೊದಲ ಗದ್ದಿ ಪಂಪಿನ ಎಂಜಿನ್ ರಿಪೇರಿ ಮಾಡ್ತಿದ್ನಂತ. ನಾಳಿ ನಮ್ಮಾಕಿ ತವರಮನಿ ಹಿರೇಕೊಟ್ನೆಕಲ್ಲಿಗೆ ಹೊಂಟೀವಿ, ಹಂಗ ತೋರಿಸ್ತೀನಿ."

ಪಂಪಿನ ಮಿಸ್ತ್ರಿ. ನನ್ನ ಗಿರಾಕಿ ಅವನ ಬಾಗಿಲಿಗೆ. ನೀವೇ ಹೇಳಿ, ಹೇಗೆ ಬಿಡುವುದು?

"ಹೋಗ್ರಿ ಹೋಗ್ರಿ," ಅಂದೆ ಬಾಯಿತುಂಬ ನಕ್ಕು. "ಒಂದ್ ಸಲ ಒರಸಿ ಕೊಡ್ತೀನಿ, ತಡೀರಿ."

ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಕರಿ ಮುಚ್ಚಳ ಇರುತ್ತದೆ. ಕರೆಂಟನ್ನು ಸರದಿಯಂತೆ ನಾಲ್ಕು ಪ್ಲಗ್ಗಿಗೆ ಹಂಚುವುದು ಅಲ್ಲಿಂದ. ಅದರ ಒಳಮೈಯಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದರೆ ಸಾಕು, ಕರೆಂಟು ಗೆರೆ ಹಿಡಿದು ತಪ್ಪು ದಾರಿಗೆ ಹರಿಯುತ್ತದೆ. ಕರಿ ಮೇಲೆ ಕರಿ, ಹುಡುಕಿದವನಿಗೂ ಕಾಣುವುದಿಲ್ಲ. ನಾನು ಕಿವಿಯ ಸಂದಿಯಲ್ಲಿದ್ದ ಪೆನ್ಸಿಲ್ ತೆಗೆದು ಎಳೆದೆ. ಯಂಕೋಬ ಪ್ಲಗ್ಗು, ವೈರು, ಕಾಯಿಲ್ ಎಲ್ಲ ಬಿಚ್ಚಿ ಗುಡ್ಡೆ ಹಾಕಿಕೊಂಡು ತಲೆ ಕೆರೆದುಕೊಳ್ಳಲಿ ಎಂಬುದು ನನ್ನ ಲೆಕ್ಕ.

ನಾಲ್ಕು ದಿನ ಬಿಟ್ಟು ಮಾಸ್ತರು ಬಂದರು. ಜೀಪಿನ ಸದ್ದು ಕೇಳಿಯೇ ನನ್ನ ಮುಖ ಇಳಿಯಿತು. ಅಷ್ಟು ನಯವಾಗಿತ್ತು.

"ಹೋಗಾಗ ಎರಡ ಸಲ ನಿಂತ್ತ ಮಿಸ್ತ್ರಿ. ನಮ್ಮಾಕಿ ಬಿಸಲಾಗ ಇಳದು ದಬ್ಬಿದ್ಲು," ಅಂದರು. ನಾನು ನೆಲ ನೋಡಿದೆ. "ಆದ್ರ ಆ ಯಂಕೋಬ ನೋಡ್ರಿ, ಮಾತ ಕಮ್ಮಿ. ಯಾವಾಗ ಮಿಸ್ಸಿಂಗ್ ಆಕ್ಕದ ಅಂತ ಕೇಳಿದ. ಮುಂಜಾನಿ ತಣ್ಣಗಿದ್ದಾಗ ಅಂದೆ. ಹಂಗಾರ ಈಗ ಬಿಸಿ ಇದ್ದಾಗ ಯಾಕ ಆಗಾಕತ್ತದ ಅಂದವನ, ಆ ಕರಿ ಮುಚ್ಚಳ ಬಿಚ್ಚಿ ಬಾಳೊತ್ತು ನೋಡಿದ. ಬಟ್ಟಿಲೆ ಒರಸಿ, ಧೂಳ ಇತ್ರಿ ಅಂದ. ಗಾಡಿ ನೆಟ್ಟಗಾತು. ಈಗ ಖರೇ ಜಡ್ಡ ನೋಡೂಣು, ಗಾಡಿ ಇಲ್ಲೇ ಬಿಟ್ಟು ಮುಂಜಾನಿ ಬರ್ರಿ ಅಂದ."

ಅವನೂ ರೇಡಿಯೇಟರಿಗೆ ಅರಿಶಿಣ ಹಾಕಿದನಂತೆ. ಮಾರನೆಯ ದಿನ ಚಾಲು ಮಾಡುವ ಮೊದಲೇ ನಾಲ್ಕೂ ಪ್ಲಗ್ಗು ಬಿಚ್ಚಿ, ತಂತಿಗೆ ಹತ್ತಿಯ ಬತ್ತಿ ಸುತ್ತಿ, ಒಂದೊಂದು ತೂತಿನಲ್ಲೂ ಇಳಿಬಿಟ್ಟ. ಮೂರು ಬತ್ತಿ ಒಣಗಿದ್ದವು. ಮೂರನೇ ಸಿಲಿಂಡರಿನ ಬತ್ತಿ ಹಳದಿಯಾಗಿ ಬಂತು. ಎಂಜಿನ್ನಿಗೂ ಅದರ ತಲೆಗೂ ನಡುವಿನ ಗ್ಯಾಸ್ಕೆಟ್ ಹಾಳೆ ಸುಟ್ಟು, ನೀರು ಹೊರಗೆ ಸೋರದೆ ಸಿಲಿಂಡರಿನೊಳಗೇ ಇಳಿಯುತ್ತಿತ್ತು. ನಿಂತ ಗಾಡಿಯಲ್ಲಿ ಆ ಪ್ಲಗ್ಗು ತೊಯ್ದು ಬೆಳಿಗ್ಗೆ ಮಿಸ್ಸಿಂಗ್, ನೀರು ಆವಿಯಾದ ಮೇಲೆ ಸರಿ. ಎರಡು ರೋಗವಲ್ಲ, ಒಂದೇ.

ಅದೇ ಅರಿಶಿಣ ನನ್ನ ಕೈಯಲ್ಲೂ ಇತ್ತು. "ಯಾವಾಗ" ಎಂದು ಕೇಳುವ ಬಾಯಿಯೂ ಇತ್ತು. ಕೇಳಿರಲಿಲ್ಲ.

ಹೊರಡುವಾಗ ಮಾಸ್ತರು ಜೇಬಿನಿಂದ ಒಂದು ಪೆನ್ಸಿಲ್ ತೆಗೆದರು. "ಮರ್ತಿದ್ದೆ. ಇದು ನಿಮ್ದಂತ, ಗಾಡ್ಯಾಗ ಬಿಟ್ಟಿದ್ರಂತ. ಯಂಕೋಬ ಕೊಟ್ಟಾನ."

ನನ್ನ ಪೆನ್ಸಿಲ್ ನನ್ನ ಕಿವಿಯ ಸಂದಿಯಲ್ಲೇ ಇತ್ತು. ಅವನು ಹೊಸದನ್ನು ಕೊಂಡು, ಚೂಪು ಮಾಡಿ ಕಳಿಸಿದ್ದ.

ಅಂದಿನಿಂದ ನಾನು ಮಾನ್ವಿಯ ನೆಲ ತುಳಿದಿರಲಿಲ್ಲ. ಸಿಂಧನೂರಿಗೆ ಹೋಗುವ ಬಸ್ಸು ಮಾನ್ವಿ ಸ್ಟ್ಯಾಂಡಿಗೆ ಹೊಕ್ಕರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದೆ. ನನ್ನ ಹೆಂಡತಿಗೆ ಇದು ಗೊತ್ತು. "ಏನ್ರೀ, ಮಿಕ್ಸರ್ ಕೆಟ್ಟದ. ಮಾನ್ವಿಗೆ ಕಳಿಸ್ಲೇನು?" ಎನ್ನುತ್ತಾಳೆ. ಅವನ ಕೈ ನನ್ನ ಕೈಗಿಂತ ಚುರುಕು ಎಂಬುದನ್ನು ಹೇಗೋ ನುಂಗಿಕೊಂಡೆ. ನನ್ನ ಆಟದಲ್ಲೇ ನನ್ನನ್ನು ಸೋಲಿಸಿದ್ದನ್ನೂ ಅರ್ಧ ನುಂಗಿದೆ. ನುಂಗಲಾಗದ್ದು ಅವನ ಸುಮ್ಮನಿರುವ ಗುಣ. ಒಂದು ಮಾತು ಮಾಸ್ತರಿಗೆ ಹೇಳಿದ್ದರೆ ನನ್ನ ಗೆಳೆತನ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ಸಂಜೆಯೊಳಗೆ ಇಡೀ ಬಸ್ ಸ್ಟ್ಯಾಂಡಿಗೆ ಗೊತ್ತಾಗುತ್ತಿತ್ತು.

ಮೊನ್ನೆಗೆ ಬರೋಣ. ಬಾನೆಟ್ ಎತ್ತಿದೆ. ಕೆಳಗಿನ ಹೋಸಿನ ಕ್ಲಿಪ್ಪು ಸಡಿಲಾಗಿ ಕೂಲೆಂಟ್ ಹನಿಯುತ್ತಿತ್ತು. ಸ್ಕ್ರೂಡ್ರೈವರ್ ಎರಡು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸ. ಹೇಳಲು ಬಾಯಿ ತೆರೆದವನು ಮುಚ್ಚಿದೆ. ಇಷ್ಟು ವರ್ಷದ ಮೇಲೆ ಮಾನ್ವಿಗೆ ಹೋಗಲು ನನಗೆ ಇದಕ್ಕಿಂತ ಒಳ್ಳೆಯ ನೆಪ ಸಿಗುವಂತಿರಲಿಲ್ಲ.

"ಯಂಕೋಬಗ ತೋರಿಸ್ರಿ," ಅಂದೆ. "ನಾನೂ ಬರ್ತೀನಿ." ಒಂದು ಕ್ಯಾನ್ ನೀರು ಜೀಪಿಗೆ ಹಾಕಿಕೊಂಡೆ, ಕಪಾಟಿನಲ್ಲಿ ಇಟ್ಟಿದ್ದ ಯಂಕೋಬನ ಪೆನ್ಸಿಲ್ ಜೇಬಿಗೆ.

ದಾರಿಯಲ್ಲಿ ಎರಡು ಸಲ ನೀರು ತುಂಬಿಸಿ ಮಾನ್ವಿ ತಲುಪಿದೆವು. ಯಂಕೋಬ ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದ. ಅಷ್ಟು ಸಮಾಧಾನವಾಯಿತು. "ಇವ್ರೇ ನೋಡಪಾ ರಾಯಚೂರ ಮಿಸ್ತ್ರಿ," ಅಂದರು ಮಾಸ್ತರು. "ಬರ್ರಿ, ಕುಂದರ್ರಿ," ಅಂದವನೇ ಜೀಪಿನ ಕಡೆ ನಡೆದು, ಮೊಟ್ಟಮೊದಲು ಆ ಕರಿ ಮುಚ್ಚಳ ಬಿಚ್ಚಿದ. ಒಳಗೆ ನೋಡಿದ. ನನ್ನನ್ನು ನೋಡಿದ. ಮುಚ್ಚಿದ.

"ನೀರ ಹೋಗಾಕತ್ತದ ಅಂದ್ರ ಅದನ್ಯಾಕ ಬಿಚ್ಚಿದ್ಯೋ?" ಮಾಸ್ತರು ಕೇಳಿದರು.

"ರೂಢಿ ಸರ. ನಿಮ್ಮ ಗಾಡಿ ರಾಯಚೂರಿಂದ ಬಂದ್ರ ಮೊದಲ ಅದನ್ನ ನೋಡ್ತೀನಿ."

ಆಮೇಲೆ ಬಗ್ಗಿ ಕ್ಲಿಪ್ಪು ಬಿಗಿದ. ಎರಡೇ ಸುತ್ತು. "ಇದು ನಿಮಗ ಕಾಣಲಿಲ್ಲೇನ್ರಿ ಮಿಸ್ತ್ರಿ?" ನನ್ನ ಕಡೆ ತಿರುಗಿ ಕೇಳಿದ.

"ಕಂಡಿತ್ತು."

"ಮತ್ತ?"

ನಾನು ಪೆನ್ಸಿಲ್ ತೆಗೆದೆ. "ಮಾಸ್ತರ," ಅಂದೆ, "ಅವತ್ತು ಮುಚ್ಚಳದಾಗ ಧೂಳ ಇರಲಿಲ್ರಿ." ಗೆರೆ ಎಳೆದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಯಂಕೋಬ ತಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಸ್ಕ್ರೂಡ್ರೈವರ್ ಒರೆಸುತ್ತಿದ್ದ.

ಮಾಸ್ತರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅಂಗೈ ಚಾಚಿದರು. "ಇಲ್ಲಿ ಕೊಡು."

ಕೊಟ್ಟೆ. ಎಷ್ಟು ಪೋರರ ಪೆನ್ಸಿಲ್ ಕಸಿದುಕೊಂಡ ಕೈಯೋ ಅದು. ಜೇಬಿಗೆ ಹಾಕಿಕೊಂಡರು.

"ನಮ್ಮಾಕಿ ದಬ್ಬಿದ್ಲು," ಅಂದರು.

"ಹೌದ್ರಿ."

"ಬಿಸಲಾಗ."

"ಹೌದ್ರಿ."

ಯಂಕೋಬ ಚಹಾ ತರಿಸಿದ. ಮೂವರೂ ಕುಡಿದೆವು. ಸಕ್ಕರೆ ಸರಿಯಾಗಿಯೇ ಇತ್ತು. ಹೊರಟು ನಿಂತಾಗ ಮಾಸ್ತರು ಸ್ಟಿಯರಿಂಗಿನ ಮುಂದೆ ಕೂತರು. ನಾನು ಪಕ್ಕದಲ್ಲಿ ಕೂತೆ. ಅವರು ಚಾವಿ ತಿರುಗಿಸಲಿಲ್ಲ.

"ಇಳೀರಿ ಮಿಸ್ತ್ರಿ," ಅಂದರು. "ದಬ್ರಿ."

ಗಾಡಿ ಚಾಲು ಮಾಡುವ ಸೆಲ್ಫ್ ಸ್ಟಾರ್ಟರ್ ಚೆನ್ನಾಗಿಯೇ ಇತ್ತು, ಹಾಕಿದವನೇ ನಾನು. ಆದರೂ ಇಳಿದೆ. ನೆತ್ತಿಯ ಮೇಲೆ ಬಿಸಿಲು. ಹಿಂದೆ ಹೋಗಿ ಎರಡೂ ಕೈ ಹಚ್ಚಿ, ಹೆಗಲು ಕೊಟ್ಟು ದಬ್ಬಿದೆ. ಜೀಪು ಅಲ್ಲಾಡಲಿಲ್ಲ. ಇನ್ನೊಮ್ಮೆ ದಬ್ಬಿದೆ. ಯಂಕೋಬ ಚಹಾದ ಗ್ಲಾಸು ಹಿಡಿದುಕೊಂಡೇ ಬಂದು ನನ್ನ ಪಕ್ಕ ಕೈ ಹಚ್ಚಿದ. ಜೀಪು ಹೊರಟಿತು.

ಒಂದೇ ಕೈ ಹಚ್ಚಿದ್ದ. ಅದೂ ಎಡಗೈ.