ಕುಂಕುಮ ಹಚ್ಚಿದ ಕಾರ್ಡು

ನನ್ನ ಮೊಮ್ಮಗಳು ಕ್ರಿಕೆಟ್ ಆಡೋ ಹೆಣ್ಮಕ್ಕಳ ಫೋಟೋ ಇರೋ ಕಾರ್ಡು ಕೂಡಿಸ್ತಾಳ. ಕಾರ್ಡಿನ ಜೋಡಿ ಒಂದು ಪತ್ರ ಬರದು ಆ ಆಟಗಾರ್ತಿಗೇ ಟಪಾಲಿನಾಗ ಕಳಿಸೋದು. ವಾಪಸ್ ಬರ್ಲಿಕ್ಕೆ ನಮ್ಮ ಧನಕವಡಿ ಮನಿ ವಿಳಾಸ ಬರದು, ತಿಕೀಟು ಹಚ್ಚಿದ ಇನ್ನೊಂದು ಪಾಕೀಟು ಒಳಗ ಇಡೋದು. ಆಕಿಗೆ ಮನಸ್ಸಿದ್ರ ಸಹಿ ಮಾಡಿ ಕಳಿಸ್ತಾಳ, ಇಲ್ಲಂದ್ರ ಕಾರ್ಡೂ ಹೋತು. ಹುಡುಗಿ ತನ್ನ ಹಂತ್ಯಾಕಿದ್ದ ಎಲ್ಲಾಕಿಂತ ಚಲೋ ಕಾರ್ಡು ಕಳಿಸಿ ಹತ್ತು ತಿಂಗಳು ಹಾದಿ ನೋಡಿದ್ಲು. "ಇಷ್ಟು ದಿನದಾಗ ಎಮ್ಮಿ ಈಯ್ತದ" ಅಂತ ನಾ ನಗ್ತಿದ್ದೆ.

ಹೋದ ಮಳಿಗಾಲದಾಗ ಬಂತು. ಮನ್ಯಾಗ ನಾ ಒಬ್ಬಾಕಿನೇ ಇದ್ದೆ. ಪೋಸ್ಟ್‌ಮನ್ ಪ್ಲಾಸ್ಟಿಕ್ ಚೀಲದಾಗಿಂದ ತಗದು ಕೊಟ್ಟ. ಒಡದು ನೋಡಿದೆ, ನೀಲಿ ಸಹಿ. ಹೊಸಾದು ಏನು ಬಂದ್ರೂ ದೇವರ ಮುಂದಿಟ್ಟು ಅರಿಷಿಣ ಕುಂಕುಮ ಹಚ್ಚೋದು ನಮ್ಮ ಪದ್ಧತಿ. ಮಿಕ್ಸರಿಗೂ ಹಚ್ಚೀನಿ, ಮಗನ ಗಾಡಿಗೂ ಹಚ್ಚೀನಿ. ನೀರಾಗ ಕಲಸಿ ಇದಕ್ಕೂ ಹಚ್ಚಿದೆ. ಶಾಯಿ ಹರಡಿತು. ಸೆರಗಿಲೆ ಒರಸಿದ್ರ ಸಹಿನೇ ಹೋತು. ಆಮ್ಯಾಲೆ ನಳದ ಕೆಳಗ ಹಿಡದು ಅರಿಷಿಣ ಕುಂಕುಮಾನೂ ತೊಳದೆ.

ಸಾಲಿಯಿಂದ ಬಂದಾಕಿಗೆ "ಮಳ್ಯಾಗ ತೋಯ್ದು ಬಂತವ್ವ" ಅಂದೆ.

ಮರುದಿನ ಆಕಿ ಪೋಸ್ಟ್‌ಮನ್ನನ್ನ ಗೇಟಿನಾಗ ಹಿಡದು ಇಲ್ಲಿಯ ಮರಾಠ್ಯಾಗ ಬೈದ್ಲು: "ಕಾಕಾ, ಒಂದು ಪಾಕೀಟು ಒಣಾ ಇಡ್ಲಿಕ್ಕೆ ಆಗಲಿಲ್ಲೇನು ನಿಮಗ?"

ಅಂವ ನನ್ನ ಕಡೆ ನೋಡಿದ. "ಮಾವ್ಶಿ, ನೀವೇ ಹೇಳ್ರಿ."

"ತೋಯ್ದಿತ್ತು" ಅಂದೆ.

"ತಪ್ಪಾತು, ಮಗಳ" ಅಂತ ಹುಡುಗಿಗೆ ಹೇಳಿ ಹೋದ.

ಇಪ್ಪತ್ತು ವರ್ಷ ಕಟ್ಟಡದ ಮ್ಯಾಲೆ ಕಲ್ಲು ಮಣ್ಣು ಹೊತ್ತಾಕಿ ನಾ. ಅಲ್ಲಿ ಕೂಲಿಯವರನ್ನ ದುಡಿಸೋ ಮುಕಾದಮ ನನ್ನ ಮ್ಯಾಲೆ ಸುಳ್ಳೇ ಕಳವು ಹೊರಿಸಿದಾಗ ಅವನ ಮಾರಿ ಮ್ಯಾಲೆ ಉಗುಳಿದ್ದೆ. ಈಗ ಅದೇ ಕೆಲಸ ನಾ ಮಾಡಿದೆ. ಊಟ ಸೇರಲಿಲ್ಲ ಅಂತ ಬರದ್ರ ಅದೂ ಸುಳ್ಳು. ಉಂಡೆ, ಮಲಗಿದೆ.

ಮೂರನೇ ದಿನ ಹುಡುಗಿ ಅವನ ಮ್ಯಾಲೆ ತಕರಾರು ಬರೀಲಿಕ್ಕೆ ಕುಂತಾಗ ಬಾಯಿ ಬಿಟ್ಟೆ.

"ಕಾರ್ಡು ಹೋಗ್ಲಿ ಬಿಡು ಆಯಿ. ಆ ಕಾಕಾಗ ನನ್ನ ಕಡಿಂದ ಯಾಕ ಬೈಸಿದಿ?" ಅಂದ್ಲು. ಬರದಿದ್ದು ಹರದು ಒಗದ್ಲು.

ನಾ ಗೇಟಿಗೆ ಹೋಗಿ ನಿಂತೆ. ನನಗ ಬರೋವಷ್ಟು ಮರಾಠ್ಯಾಗ ಅವನಿಗೆ ಎಲ್ಲಾ ಹೇಳಿದೆ.

"ನನಗ ಗೊತ್ತಿತ್ತು ಮಾವ್ಶಿ. ವಯಸ್ಸಾದವರು, ಹುಡುಗಿ ಮುಂದ ಯಾಕ ಅಂತ ಬಿಟ್ಟೆ" ಅಂದ. ಬೈದಿದ್ರ ಚಲೋ ಇತ್ತು.

ಈಗ ಆಕಿ ಹೆಸರಿನ ಪಾಕೀಟು ಬಂದ್ರ ಅಂವ ನನ್ನ ಕೈಯಾಗ ಕೊಡಂಗಿಲ್ಲ. ಚೀಲದಾಗೇ ಇಟ್ಕೊಂಡು, ಹುಡುಗಿ ಸಾಲಿಯಿಂದ ಬಂದ ಮ್ಯಾಲೆ ತಿರುಗಿ ಬಂದು ಆಕಿಗೇ ಕೊಡ್ತಾನ. ಅವನ ಸೈಕಲ್ ಕಂಡ್ರ ನಾ ಒಳಗ ಹೋಗ್ತೀನಿ.