ಅಕ್ಕನ ಜಂಪರ, ನನ್ನ ಪರ್ಸಿನೊಳಗಿನ ಗುಳಿಗೆ

ನಾನು ಹೊಸಪೇಟೆಯಲ್ಲಿ ಜಂಪರ ಹೊಲಿದು ಬದುಕುವವಳು. ಅಕ್ಕನ ಅಳತೆ ನನ್ನ ಪುಸ್ತಕದ ಮೊದಲ ಹಾಳೆಯಲ್ಲಿದೆ. ಎಷ್ಟೋ ವರ್ಷ ಅದು ಬದಲಾಗಿರಲಿಲ್ಲ. ಕಂಪ್ಲಿ ಕಡೆ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವಳಿಗೆ ಮೈ ಎಲ್ಲಿಂದ ಬರಬೇಕು?

ಕೀಲುಗಳು ಬಾತು, ಬೆಳಗ್ಗೆ ಸೀರೆಯ ನೆರಿಗೆ ಹಿಡಿಯಲೂ ಆಗದಂತಾದಾಗ ನಾನೇ ಅವಳನ್ನು ಇಲ್ಲಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಣ್ಣ ಬಿಳಿ ಗುಳಿಗೆ ಬರೆದರು. ಸ್ಟೀರಾಯ್ಡ್.

"ಮುಂಜಾನೆ ನಾಷ್ಟಾ ಆದಮ್ಯಾಲೆ ತಗೋಬೇಕ್ರಿ. ನೋವು ಹೋತು ಅಂತ ನೀವಾಗೇ ಬಿಡಂಗಿಲ್ಲ. ಬಿಡೋದಿದ್ರ ನಾನೇ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿಸ್ತೀನಿ," ಅಂದರು.

ಅಕ್ಕನಿಗೆ ಓದು ಬರುತ್ತಿರಲಿಲ್ಲ. ಅದಕ್ಕೇ ನನ್ನ ಕಡೆ ತಿರುಗಿ ಅದನ್ನೇ ಇನ್ನೊಂದು ಸಲ ಹೇಳಿದರು. ನಾನು ಹೂಂ ಅಂದೆ.

ವಾರದೊಳಗೆ ಅಕ್ಕ ಗದ್ದೆಗಿಳಿದಳು. ಗುಳಿಗೆ ಮುಗಿದಾಗೆಲ್ಲ ಹಳೆಯ ಚೀಟಿ ತೋರಿಸಿ ನಾನೇ ಅಂಗಡಿಯಿಂದ ತಂದುಕೊಟ್ಟೆ. ತಿರುಗಿ ಡಾಕ್ಟರ ಹತ್ತಿರ ಹೋಗಲು ಅವಳಿಗೆ ಗದ್ದೆ ಅಡ್ಡ, ನನಗೆ ಹೊಲಿಗೆ ಅಡ್ಡ. ತಿಂಗಳುಗಳು ಕಳೆದವು. ಅವಳ ಮುಖ ದುಂಡಗಾಯಿತು.

ಅಷ್ಟರಲ್ಲಿ ಅವಳ ಮಗಳ ನಿಶ್ಚಿತಾರ್ಥದ ದಿನ ಗೊತ್ತಾಯಿತು. ಅಕ್ಕನ ಹಸಿರು ಸೀರೆಗೆ ಪುಸ್ತಕದ ಅಳತೆಯಲ್ಲೇ ಜಂಪರ ಹೊಲಿದೆ. ಬೆನ್ನು ಬಿಗಿ, ಕೊಕ್ಕೆ ಕೂಡಲಿಲ್ಲ. ತೋಳು ಮಾತ್ರ ಸಡಿಲ. ಮೈ ಬಂದವರಿಗೆ ತೋಳೂ ತುಂಬುತ್ತದೆ, ಇದೇನು ಹೀಗೆ ಅನಿಸಿತು. ಅನಿಸಿದ್ದನ್ನು ಅಲ್ಲಿಗೇ ಬಿಟ್ಟೆ. ಗಿರಾಕಿಗಳ ಬಟ್ಟೆ ರಾಶಿ ಬಿದ್ದಿತ್ತು. ಎರಡು ಸಲ ಬಿಚ್ಚಿ ಹೊಲಿದೆ; ಇನ್ನೂ ಸಡಿಲ ಮಾಡಲು ಒಳಗೆ ಮಡಿಚಿಟ್ಟ ಬಟ್ಟೆಯೇ ಉಳಿದಿರಲಿಲ್ಲ.

"ಫೋಟೋದಾಗ ಕುಂಬಳಕಾಯಿ ಕಂಡಂಗ ಕಾಣ್ತೀನೇನಲೇ?" ಅಂದಳು.

"ಕುಂಬಳಕಾಯಿಗಾದ್ರ ತೋಳು ಹೊಲಿಯೋದು ಉಳಿತಿತ್ತು."

ಇಬ್ಬರೂ ನಕ್ಕೆವು. ಆ ನಗುವಿನಲ್ಲೇ ನಾನು ಹೇಳಿದೆ: "ಈ ಗುಳಿಗಿನ ನಿನ್ನ ಉಬ್ಬಿಸ್ಯಾವ. ಹದಿನೈದು ದಿನ ಬಿಡು, ಜಂಪರ ತಾನಾಗೇ ಕೂಡ್ತೈತಿ."

"ಡಾಕ್ಟರು ಬಿಡಬ್ಯಾಡ ಅಂದಿದ್ರಲ್ಲ?"

"ಈಗ ನೋವು ಎಲ್ಲೈತಿ? ಓದಿದಾಕಿ ನಾನೋ, ನೀನೋ?"

ನನ್ನ ಓದು ಏಳನೇ ಕ್ಲಾಸು. ಮನಸ್ಸು ಬದಲಿಸಿ ನುಂಗಿಬಿಟ್ಟಾಳು ಅಂತ ಗುಳಿಗೆಯ ಡಬ್ಬಿಯನ್ನೇ ಪರ್ಸಿಗೆ ಹಾಕಿಕೊಂಡು ಬಂದೆ.

ನಾಲ್ಕೈದು ದಿನಕ್ಕೆ ಅವಳಿಗೆ ಸುಸ್ತು ಶುರುವಾಯಿತು, ಊಟ ಸೇರಲಿಲ್ಲ. ನಿಶ್ಚಿತಾರ್ಥದ ಹಿಂದಿನ ದಿನ ಜ್ವರ, ವಾಂತಿ. ಎದ್ದು ನಿಂತವಳು ಬಿದ್ದಳು. ಆಸ್ಪತ್ರೆಗೆ ಸೇರಿಸಿದೆವು. ಬಿ.ಪಿ. ಏಳುತ್ತಿಲ್ಲ ಅಂದರು.

ಅಲ್ಲಿಯ ಡಾಕ್ಟರಮ್ಮ ಕೇಳಿದರು: "ಯಾವ್ದಾರ ಗುಳಿಗಿ ತಗೋತಿದ್ರೇನ್ರಿ? ಈಗೀಗ ಏನಾರ ಬಿಟ್ಟಾರೇನು?"

ಗಂಡಿನ ಕಡೆಯವರು ಬಾಗಿಲಲ್ಲಿ ನಿಂತಿದ್ದರು. ಹುಡುಗಿಯ ತಾಯಿಗೆ ದೊಡ್ಡ ರೋಗ ಅಂದುಕೊಳ್ಳುತ್ತಾರೆ ಅನಿಸಿತು. ಹಾಗಂತ ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೆಂದರೆ ಬಿಡಿಸಿದವಳು ನಾನು, ಡಬ್ಬಿ ನನ್ನ ಕಂಕುಳಿನ ಪರ್ಸಿನಲ್ಲೇ ಇತ್ತು.

"ಇಲ್ರಿ," ಅಂದೆ.

ಸಂಜೆ ಅವರೆಲ್ಲ ಹೋದ ಮೇಲೆ ಡಾಕ್ಟರಮ್ಮನಿಗೆ ಡಬ್ಬಿ ತೋರಿಸಿದೆ. ಅವರು ಬೈಯಲಿಲ್ಲ. ನರ್ಸಿಗೆ ಇಂಜೆಕ್ಷನ್ ಹೆಸರು ಕೂಗುತ್ತ ಓಡಿದರು. ಮರುದಿನ ಬೆಳಗ್ಗೆ ಅಕ್ಕ ಹೋದಳು.

ಕೆಲವು ದಿನಗಳಾದ ಮೇಲೆ ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದೆ. ಇಂಥ ಗುಳಿಗೆಯನ್ನು ಬಹಳ ದಿನ ನುಂಗಿದರೆ ಅಂಥದ್ದೇ ರಸವನ್ನು ಮೈ ತಾನಾಗಿ ಮಾಡಿಕೊಳ್ಳುವುದನ್ನು ನಿಲ್ಲಿಸಿರುತ್ತದಂತೆ; ಅದಕ್ಕೇ ಒಮ್ಮೆಲೇ ಬಿಡಬಾರದಂತೆ. "ಆಗ್ಲೇ ಹೇಳಿದ್ರ ಉಳಿತಿದ್ಲೇನ್ರಿ?" ಅಂದೆ. "ಜ್ವರಾನೂ ಜೋರಿತ್ತಮ್ಮ. ಹಂಗ ಹೇಳಾಕ ಬರಂಗಿಲ್ಲ," ಅಂದರು. ಇಲ್ಲ ಅನ್ನಲಿಲ್ಲ.

ವರ್ಷ ಕಳೆದು ಅಕ್ಕನ ಮಗಳ ಮದುವೆ ಆಯಿತು. ಹೋದ ತಿಂಗಳು ಮೆಟ್ರಿ ಊರಿಗೆ, ಆ ಮಗಳ ಮನೆಗೆ ಹೋಗಿದ್ದೆ. ಅವಳ ಅತ್ತೆಗೆ ದಮ್ಮು, ಉಸಿರಿನ ಉಬ್ಬಸ. ಕೈಯಲ್ಲಿ ಅದೇ ಗುಳಿಗೆ, ಮುಖ ಅದೇ ದುಂಡು.

"ಶ್ರಾವಣ ಬಂತು. ಉಪವಾಸ ಹಿಡಿದು ಇವನ್ನೆಲ್ಲ ಬಿಟ್ಟುಬಿಡ್ತೀನ್ರಿ," ಅಂದರು ಆಕೆ.

"ಬಿಡ್ರಿ ಅತ್ತಿ," ಅಂದಳು ಮಗಳು, ಚಹಾ ಸೋಸುತ್ತ. "ನಮ್ಮವ್ವನೂ ಆರಾಮಾದಮ್ಯಾಲೆ ಬಿಟ್ಟಿದ್ಲು. ಆ ಜ್ವರ ಒಂದು ಬರದಿದ್ರ ಚೊಲೋನ ಇರ್ತಿದ್ಲು. ಹೌದಲ್ಲ ಚಿಗವ್ವ?"

ಹೂಂ ಅಂದಿದ್ದರೆ ನಾನು ಉಳಿಯುತ್ತಿದ್ದೆ.

"ಬಿಡಬ್ಯಾಡ್ರಿ," ಅಂದೆ ಆಕೆಗೆ. "ಡಾಕ್ಟರಿಗೆ ಕೇಳದ ಒಂದು ದಿನಾನೂ ಬಿಡಬ್ಯಾಡ್ರಿ."

"ಯಾಕ ಚಿಗವ್ವ?"

ಹೇಳಿದೆ. ಜಂಪರದಿಂದ ಹಿಡಿದು ಎಲ್ಲ.

ಮಗಳು ಚಹಾದ ಪಾತ್ರೆ ಕೆಳಗಿಟ್ಟಳು. ಒಂದೇ ಮಾತು ಕೇಳಿದಳು: "ಅಷ್ಟೊತ್ತೂ ಅದು ನಿನ್ನ ಪರ್ಸಿನಾಗ ಇತ್ತಾ?"

"ಇತ್ತವ್ವ."

ಅವಳು ಒಳಗೆ ಹೋದಳು. ಅತ್ತೆ ರೊಟ್ಟಿ ಮುರಿದು ತಿಂದು, ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಬಸ್ಸಿನ ತನಕ ಕಳಿಸಲು ಬಂದವರೂ ಅವರೇ.

ಮಗಳು ಇನ್ನೂ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.