ಸೌದಾಮಿನಿಯ ಒಗ್ಗರಣೆ, ಪ್ಯೂಬ್ಲೋ ಒಲೆಯ ಬೂದಿ

ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನ ಸೌದಾಮಿನಿ ಉಡುಪಿಯವಳು, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮದುವೆಯಾಗಿ ಬಂದ ಮೇಲೆ ಮನೆಯಲ್ಲಿ ಕೂತು ತುಕ್ಕು ಹಿಡಿಯುತ್ತಿದ್ದವಳಿಗೆ 1984ರಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನ್ಯೂ ಮೆಕ್ಸಿಕೋದಲ್ಲಿ ಸಾವಿರ ವರ್ಷಗಳ ಹಿಂದೆ ಬೇಸಾಯ ಮಾಡಿಕೊಂಡಿದ್ದ ಪ್ಯೂಬ್ಲೋ ಜನರ ಒಲೆಗಳ ಬೂದಿ ಅಲ್ಲಿಗೆ ಬರುತ್ತಿತ್ತು. ಅವರು ಏನು ಬೆಳೆದರು, ಏನು ತಿಂದರು ಎಂದು ತಿಳಿಯಲು ಅದರೊಳಗಿನ ಸುಟ್ಟ ಕಾಳುಗಳನ್ನು ಸೂಕ್ಷ್ಮದರ್ಶಕದಡಿ ಹೆಕ್ಕಬೇಕು. "ಅಕ್ಕಿ ಆರಿಸಿದ ಹಾಗೆ ಬಿಡು" ಎಂದು ನಾನು ಛೇಡಿಸಿದರೆ ಅವಳಿಗೆ ಮೂಗಿನ ತುದಿಯಲ್ಲೇ ಕೋಪ.

ಒಂದು ಮಳೆಯ ಮಧ್ಯಾಹ್ನ ಈ ಮಹಾತಾಯಿ ಹೊರಗೆ ಹೋಗಲು ಸೋಮಾರಿತನ ಮಾಡಿ, ಕೆಲಸದ ಮೇಜಿನಲ್ಲೇ ಚಿತ್ರಾನ್ನದ ಡಬ್ಬಿ ಬಿಚ್ಚಿದಳು. ಮರುದಿನ ಬೂದಿ ಹರಡಿದ್ದ ಅವಳ ತಟ್ಟೆಯಲ್ಲಿದ್ದ ಗುಂಡನೆಯ ಕಪ್ಪು ಬೀಜ ಕಂಡು ಲ್ಯಾಬಿನ ಮುಖ್ಯಸ್ಥೆ ಹೆಲೆನ್, "ಇದು ಹೊಸದು!" ಎಂದು ಹಿಗ್ಗಿದಳು. ಸೌದಾಮಿನಿ ಇಣುಕಿದಳು. ತನ್ನ ಚಿತ್ರಾನ್ನದ ಸಾಸಿವೆ! ಆ ಸಂಜೆ ಮನೆಗೆ ಬಂದವಳೇ ಗಂಡನಿಗೆ ಎಲ್ಲ ಒಪ್ಪಿಸಿದಳು.

"ಎಂತಕ್ಕೆ ಹೇಳ್ಲಿಕ್ಕೆ ಹೋಗ್ತೀ ಮಾರಾಯ್ತಿ? ಜಾಬು ಹೋಗ್ತದೆ" ಎಂದ ಗಂಡ ವೈಕುಂಠ.

"ಹೇಳದಿದ್ರೆ ಆ ಜನ ಸಾಸಿವೆ ಬೆಳೀತಿದ್ರು ಅಂತ ಬರೀತಾರೆ. ಹೇಗೆ ಸುಮ್ನಿರುದು?"

ಬೆಳಿಗ್ಗೆ ಹೋಗಿ ಹೇಳಿಯೇಬಿಟ್ಟಳು. ಹೆಲೆನ್ ಮುಖ ಸಣ್ಣದಾಯಿತು. ಅಷ್ಟು ಹಳೆಯ ಬೂದಿಯಲ್ಲಿ ಉಳಿಯುವುದು ಪೂರ್ತಿ ಕರಿಕಾದ ಬೀಜ ಮಾತ್ರ. ಈ ಬೀಜದ ಒಳಗೆ ಹಳದಿಯಿದ್ದರೆ ಇಂದಿನದೆಂದು ತೆಗೆದುಹಾಕಬಹುದು. ಒಳಗೂ ಕಪ್ಪಾಗಿದ್ದರೆ ಅಂದಿನದೋ ಇಂದಿನದೋ ಹೇಳುವಂತಿಲ್ಲ. ಆ ಒಲೆಯ ಬೂದಿಯನ್ನೆಲ್ಲ ಬಿಸಾಡಬೇಕು, ಸೌದಾಮಿನಿಯನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದೂ ಕಷ್ಟ.

"ಎಣ್ಣೆಯಲ್ಲಿ ಎಷ್ಟು ಹುರಿಯುತ್ತೀ?" ಎಂದು ಕೇಳಿದಳು ಹೆಲೆನ್.

"ಚಟಪಟ ಅನ್ನುವ ತನಕ. ನಾನು ಒಗ್ಗರಣೆ ಸೀಯಿಸುವವಳಲ್ಲ."

ಜಂಬವೇನೋ ಕೊಚ್ಚಿಕೊಂಡಳು. ಆದರೆ ಆ ಚಿತ್ರಾನ್ನದ ದಿನ ಒಗ್ಗರಣೆಯ ಹೊತ್ತಿಗೇ ಊರಿಂದ ಫೋನು ಬಂದು, ಬಾಣಲೆ ಒಲೆಯ ಮೇಲೆ ಉಳಿದಿತ್ತಲ್ಲ! ಅದು ನೆನಪಾದದ್ದು ಈಗ.

ಹೆಲೆನ್ ಬ್ಲೇಡಿನಿಂದ ಬೀಜವನ್ನು ಸೀಳಿದಳು. ಒಳಗೆ ಅಚ್ಚ ಹಳದಿ.

ಸೌದಾಮಿನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಊಟ ಹೊರಗೆ, ಕೆಲಸ ಇಲ್ಲಿ" ಎಂದು ಹೆಲೆನ್ ತಟ್ಟೆಯನ್ನು ಅವಳತ್ತ ತಳ್ಳಿದಳು.

ಸೌದಾಮಿನಿ ಕಣ್ಣೊರೆಸಿಕೊಂಡು ಕೂತಳು. ಮೊದಲು ಕೈಗೆ ಬಂದದ್ದು ಸೀದು ಕರಿಕಾದ ಮುಸುಕಿನ ಜೋಳದ ಕಾಳು. ಪಾಪ, ಆ ಒಲೆಯ ಮನೆಯಾಕೆಯನ್ನೂ ಆ ಹೊತ್ತಿಗೆ ಯಾರೋ ಕರೆದಿರಬೇಕು ಎಂದುಕೊಂಡಳು.